ಗೋಡೆಯ ಕಡೆಯ ಕಾಲು

ನನ್ನ ಗಂಡ ಶಿವಶರಣಪ್ಪನವರ ಎಡಗಾಲಿಗೆ ನೋವು ಬಂದ ದಿನ ನಾಗಪುರದ ಬಟ್ಟೆಪೇಟೆ ಗಾಂಧಿಬಾಗಿನ ವ್ಯಾಪಾರಿಗಳೆಲ್ಲ ವೈದ್ಯರಾದರು. ಮೇ ತಿಂಗಳು, ಮದುವೆಗಳ ಸೀಸನ್ನು. ಅಂಗಡಿಯ ಗಾದಿಯಿಂದ ಏಳಲು ಹೋದವರು ಅರ್ಧ ಎದ್ದು, "ಯಪ್ಪಾ" ಎಂದು ಹಾಗೆಯೇ ನಿಂತುಬಿಟ್ಟರಂತೆ. ಕೂರಲೂ ಆಗದು, ನಿಲ್ಲಲೂ ಆಗದು. ಎದುರಂಗಡಿಯ ಸೇಠ್ ಓಡಿಬಂದು "ನಸ್ ದಬ್ ಗಯಿ", ನರ ಒತ್ತಿಕೊಂಡಿತು ಎಂದ. ದಾರದ ಅಂಗಡಿಯವನು ಬಿಸಿ ಇಟ್ಟಿಗೆಯ ಶಾಖ ಎಂದ. ಚಹಾದವನು ತಾಮ್ರದ ಉಂಗುರ ಎಂದ. ಗಂಟು ಹೊರುವ ಹಮಾಲ ತನ್ನ ಸೊಂಟದ ಪಟ್ಟಿಯನ್ನೇ ಬಿಚ್ಚಿ ಇವರಿಗೆ ಕಟ್ಟಿದ. ಆ ಓಣಿಯಲ್ಲಿ ಅಂದು ಔಷಧ ಹೇಳದೆ ಉಳಿದದ್ದು ಬಾಗಿಲಲ್ಲಿ ಮಲಗಿದ್ದ ಆಕಳೊಂದೇ.

ಸಂಜೆ ಆಟೋದಲ್ಲಿ ಅಡ್ಡಡ್ಡ ಮಲಗಿಸಿಕೊಂಡು ಮನೆಗೆ ತಂದರು. ಎಲ್ಲಿ ನೋವು ಎಂದರೆ ಒಂದು ಕಡೆ ಬೆರಳಿಡಲು ಇವರಿಗೆ ಆಗುತ್ತಿಲ್ಲ. "ಕುಂಡಿಯಾಗ ಹೊಂಟು ತೊಡಿ ಹಿಂದ ಇಳದು ಕಿರಿಬೆರಳಿಗೆ ಬಂದು ನಿಂದರತೈತಿ. ಕರೆಂಟ್ ಹೊಡದಂಗ," ಎಂದರು. ಕೆಮ್ಮಿದರೆ ಹೊಡೆಯುತ್ತದೆ, ಸೀನಿದರೆ ಹೊಡೆಯುತ್ತದೆ. ಪಾದ ಒಮ್ಮೆ ಉರಿಯುತ್ತದೆ, ಒಮ್ಮೆ ಇದೆಯೋ ಇಲ್ಲವೋ ಎನ್ನುವಂತೆ ಜೋಮು ಹಿಡಿಯುತ್ತದೆ. ನನಗೆ ಕನಿಕರವಾಯಿತು, ಸುಳ್ಳೇಕೆ ಹೇಳಲಿ. ಆದರೆ ಇವರು ನೋವಿನಲ್ಲೂ "ನಾಳೆ ಅಂಗಡಿ ಯಾರ್ ತೆಗೀತಾರ, ನಾ ಗಾದಿ ಮ್ಯಾಲ ಇರಾಕ ಬೇಕು" ಎಂದು ಗೋಳಾಡಲು ಹಿಡಿದಾಗ ಆ ಕನಿಕರ ಬಹಳ ಹೊತ್ತು ಉಳಿಯಲಿಲ್ಲ.

ನೋಡಲು ಬಂದ ನಮ್ಮ ಕಡೆಯ ಜನರೆಲ್ಲ ಹೇಳಿದ್ದು ಒಂದೇ ಮದ್ದು. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒಂದು ಒದೆ ಕೊಟ್ಟರೆ ಎಂಥ ಉಳುಕೂ ಬಿಡುತ್ತದೆ ಎಂಬುದು ನಮ್ಮಲ್ಲಿ ನಂಬಿಕೆ. ನಾಗಪುರದವರಲ್ಲೂ ಇದೆ, ಅಂಥವರನ್ನು ಅವರು ಪಾಯಾಳು ಎನ್ನುತ್ತಾರೆ. "ನಿಮಗೇನ್ ಚಿಂತಿ, ಮನ್ಯಾಗ ಪಾಯಾಳು ಇದ್ದಾನ," ಎಂದು ಬಂದವರು ಹೇಳುವುದು, ಹೇಳಿ ನಾಲಿಗೆ ಕಚ್ಚಿಕೊಳ್ಳುವುದು. ಯಾಕೆಂದರೆ ಆ ಪಾಯಾಳು ಇವರ ತಮ್ಮ ಕಲ್ಲೇಶ. ಅಣ್ಣತಮ್ಮಂದಿರಿಗೆ ಎಷ್ಟೋ ವರ್ಷಗಳಿಂದ ಮಾತಿಲ್ಲ.

ಕಲ್ಲೇಶ ಕೂಸಾಗಿದ್ದಾಗ ರಬಕವಿಯ ನಮ್ಮ ಮನೆಯ ಮುಂದೆ ಸೊಂಟ ಹಿಡಿದವರ ಸಾಲೇ ಇರುತ್ತಿತ್ತು ಎಂದು ಅತ್ತೆ ಗೌರಮ್ಮ ಬದುಕಿದ್ದಾಗ ಹೇಳುತ್ತಿದ್ದರು. ಮಗ್ಗದಲ್ಲಿ ಕೂತು ಕೂತು ಸೊಂಟ ಹೋದ ನೇಕಾರರು ಬೋರಲು ಮಲಗುವುದು, ಅತ್ತೆ ಕೂಸನ್ನು ಎತ್ತಿ ಅದರ ಬಲಗಾಲನ್ನು ಅವರ ಬೆನ್ನಿಗೆ ತಾಗಿಸುವುದು. ವಾಸಿಯಾದವರು ಬೆಲ್ಲ ಕೊಬ್ಬರಿ ತಂದುಕೊಡುತ್ತಿದ್ದರು. ಒದ್ದದ್ದು ತಮ್ಮ, ಬೆಲ್ಲ ತಿಂದದ್ದು ಅಣ್ಣ. ಈಗ ಅದೇ ಕಾಲಿನಿಂದ ಒದೆಸಿಕೊಳ್ಳಿ ಎಂದರೆ ಇವರು ಮುಖ ಗಂಟು ಹಾಕಿದರು. "ಸತ್ತೇನೇ ಹೊರತು ಅವನ ಕಾಲಾಗ ಒದಿಸ್ಕೊಳ್ಳಂಗಿಲ್ಲ. ಜನ್ಮಪೂರ್ತಿ ಅದನ್ನ ಹೇಳ್ಕೋಂತ ತಿರಗತಾನ."

ಜಗಳದ ಕಥೆಯನ್ನೂ ಹೇಳಿಬಿಡುತ್ತೇನೆ. ಮಾವನವರು ರಬಕವಿಯಿಂದ ಸೀರೆಯ ಗಂಟು ಹೊತ್ತು ನಾಗಪುರಕ್ಕೆ ಬಂದವರು. ಗಾಂಧಿಬಾಗಿನಲ್ಲಿ ಸೀರೆ, ಚಾದರಗಳ ಹೋಲ್‌ಸೇಲ್ ಅಂಗಡಿ ತೆರೆದು, ಅದರ ನಟ್ಟನಡುವೆ ಗಾದಿ ಹಾಸಿ ಕೂತರು. ಅವರು ಹೋದ ಮೇಲೆ ಮಕ್ಕಳು ಕಿತ್ತಾಡಿಕೊಂಡರು. ಯಾತಕ್ಕೆ ಎಂದು ಈಗ ಕೇಳಿದರೆ ಇಬ್ಬರೂ ಬೇರೆ ಬೇರೆ ಕಾರಣ ಹೇಳುತ್ತಾರೆ, ಎರಡೂ ನಂಬುವಂತಿಲ್ಲ. ಅಂಗಡಿ ಪಾಲಾಯಿತು. ಆದರೆ ಅಪ್ಪ ಕೂತ ಜಾಗ ಇಬ್ಬರಿಗೂ ಬೇಕು. ಪಂಚರಾಗಿ ಬಂದಿದ್ದ ಹಿರಿಯರು ಬಹಳ ಯೋಚನೆ ಮಾಡಿ, ಅಪ್ಪ ಕೂತ ಜಾಗದ ಸರಿಯಾಗಿ ಮಧ್ಯಕ್ಕೆ ಪ್ಲೈವುಡ್ಡಿನ ಗೋಡೆ ಎಬ್ಬಿಸಿದರು. ಗಾದಿಯನ್ನೂ ಕತ್ತರಿಯಿಂದ ಕತ್ತರಿಸಿದರು. ಅಂದು ಹಾರಿದ ಅರಳೆ ಪಂಚರ ಮೀಸೆಯಲ್ಲೆಲ್ಲ ಕೂತಿತ್ತು, ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದುಕೊಂಡು ಹೊರಗೆ ಬಂದಿದ್ದೆ.

ಅಂದಿನಿಂದ ಇವರ ಎಡಮಗ್ಗುಲಿಗೆ ಗೋಡೆ, ಕಲ್ಲೇಶನ ಬಲಮಗ್ಗುಲಿಗೆ ಅದೇ ಗೋಡೆ. ಇಬ್ಬರಿಗೂ ಅಪ್ಪನ ಜಾಗದ ಅರ್ಧರ್ಧ ಸಿಕ್ಕಿದೆ, ಅದಕ್ಕೇ ಇಬ್ಬರೂ ಗೋಡೆಗೆ ಅಂಟಿಕೊಂಡೇ ಕೂರುತ್ತಾರೆ. ಯಾರು ಮೊದಲು ಅಲ್ಲಿಂದ ಸರಿಯುತ್ತಾರೋ ಅವರು ಅಪ್ಪನ ಗಾದಿಯನ್ನೇ ಬಿಟ್ಟುಕೊಟ್ಟಂತೆ. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಇಬ್ಬರಿಗೂ ಗೊತ್ತು.

ನಾನೂ ನನ್ನ ನೆಗೆಣ್ಣಿ, ಕಲ್ಲೇಶನ ಹೆಂಡತಿ ಶಿವಕ್ಕನೂ ಮಾತ್ರ ದಿನವೂ ಫೋನಿನಲ್ಲಿ ಮಾತಾಡುತ್ತೇವೆ. ಜಗಳ ಆಡಿದವರು ಗಂಡಸರು, ಅದಕ್ಕೆ ನಾವೇಕೆ ಬಾಯಿ ಕಟ್ಟಿಕೊಳ್ಳಬೇಕು?

ಒಂದು ವಾರ ಇಟ್ಟಿಗೆ, ಎಣ್ಣೆ, ಉಂಗುರ, ಪಟ್ಟಿ ಎಲ್ಲ ಆಯಿತು. ನೋವು ಹಾಗೆಯೇ ಇತ್ತು, ಮನೆಯೆಲ್ಲ ಎಳ್ಳೆಣ್ಣೆ ನಾರತೊಡಗಿತು. ಆಗ ಕನ್ನಡ ಸಂಘದ ರಾಮಣ್ಣನವರು ಬಂದರು. ಮೈಸೂರು ಕಡೆಯವರು, ರೈಲ್ವೆಯಲ್ಲಿದ್ದು ಇಲ್ಲೇ ನಿವೃತ್ತರಾದವರು. ಅವರ ಮಗಳು ಅಪೂರ್ವ ಪರದೇಶದಲ್ಲಿ ಓದಿ ಬಂದು ಸಿವಿಲ್ ಲೈನ್ಸಿನಲ್ಲಿ ಕ್ಲಿನಿಕ್ ಇಟ್ಟಿದ್ದಾಳೆ, ಕೈರೋಪ್ರಾಕ್ಟರ್. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದಲೇ ಒತ್ತಿ ಸಡಿಲ ಮಾಡುವ ವೈದ್ಯವಂತೆ. ಇವರು ಮೊದಲು "ಎಲುಬು ಮುರಿಯೋರ ಕಡೆ ನಾ ಹೋಗಂಗಿಲ್ಲ" ಎಂದರು. ಆಮೇಲೆ ಯಾರೋ ಫೋನಿಗೆ ವಿಡಿಯೋ ಕಳಿಸಿದರು. ಒಬ್ಬನ ಕತ್ತನ್ನು ಹಿಡಿದು ತಿರುವುತ್ತಾರೆ, ಟಕ್ ಎನ್ನುತ್ತದೆ, ಅವನು ಆನಂದದಿಂದ ಅಳುತ್ತಾನೆ. ಒಂದು ನೋಡಿದ ಮೇಲೆ ಫೋನು ತಾನೇ ಇನ್ನೊಂದು ತೋರಿಸಿತು. ಇವರು ಊಟ ಬಿಟ್ಟು ಊರೂರಿನ ಜನರ ಎಲುಬಿನ ಸದ್ದು ಕೇಳುತ್ತ ಮಲಗಿದರು. ಮರುದಿನ ತಾವೇ "ಜಲ್ದಿ ನಡಿ, ಆ ಹುಡುಗಿ ಕಡೆ ಹೋಗೂಣು" ಎಂದರು.

ಸಿವಿಲ್ ಲೈನ್ಸಿನ ಅಗಲ ರಸ್ತೆಯಲ್ಲಿ, ಹಳೆಯ ಬಂಗಲೆಯೊಂದರ ಮುಂಭಾಗದಲ್ಲಿ ಅವಳ ಕ್ಲಿನಿಕ್ಕು. ಗೋಡೆಯ ತುಂಬ ಗಾಜಿನ ಚೌಕಟ್ಟಿನ ಸರ್ಟಿಫಿಕೇಟುಗಳು, ಕಿಟಕಿಯಲ್ಲಿ ಬಿದಿರಿನ ಕುಂಡ, ಎಲ್ಲಿಂದಲೋ ನೀರು ಹರಿಯುವ ಸದ್ದಿನ ಸಂಗೀತ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನುಮೂಳೆ ತೂಗುತ್ತಿತ್ತು. ಇವರು ಅದಕ್ಕೆ ಕೈಮುಗಿಯಲು ಹೋಗಿ, ನಾನು ನೋಡುತ್ತಿದ್ದೇನೆಂದು ತಲೆ ಕೆರೆದುಕೊಂಡರು.

ಅಪೂರ್ವ ಆ ಮೂಳೆ ಹಿಡಿದು ಸಮಾಧಾನವಾಗಿ ವಿವರಿಸಿದಳು. "ನೋಡಿ ಅಂಕಲ್, ಇದು ಸಯಾಟಿಕ್ ನರ. ಮೈಯಲ್ಲಿರೋ ನರಗಳಲ್ಲೆಲ್ಲ ದಪ್ಪ. ಸೊಂಟದ ಕೆಳಗಿನ ಮೂಳೆಗಳ ನಡುವಿಂದ ಹೊರಟು, ಕುಂಡೆಯ ಸ್ನಾಯುವಿನ ಅಡಿಯಿಂದ ಹಾದು, ಪಾದದ ತನಕ ಹೋಗತ್ತೆ. ಮೇಲೆಲ್ಲೋ ಒತ್ತಿದ್ರೆ ಕೆಳಗೆಲ್ಲೋ ಉರಿಯತ್ತೆ. ನಿಮಗೆ ನೋವಿರೋದು ಕಾಲಲ್ಲಿ, ತೊಂದರೆ ಇರೋದು ಸೊಂಟದಲ್ಲಿ."

ಇವರಿಗೆ ಇದರಲ್ಲಿ ಹಿಡಿಸಿದ್ದು ಒಂದೇ ಮಾತು. ಮರುದಿನದಿಂದ ಬಂದವರಿಗೆಲ್ಲ "ನನ್ನ ನರ ಎಲ್ಲಾಕಿಂತ ದಪ್ಪ ಐತಂತ, ಡಾಕ್ಟ್ರ ಹೇಳ್ಯಾರ" ಎಂದು ಹೇಳಿಕೊಂಡರು. ದೇವರು ಆ ನರವನ್ನು ಇವರೊಬ್ಬರಿಗೇ ಕೊಟ್ಟಂತೆ.

ಅವಳು ಕಾಲು ನೆಟ್ಟಗೆ ಎತ್ತಿಸಿದಳು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಳು, ಹೆಬ್ಬೆರಳನ್ನು ತನ್ನ ಬೆರಳಿನ ವಿರುದ್ಧ ಮೇಲೆತ್ತಲು ಹೇಳಿದಳು. ಮೂತ್ರ ಹೋಗುವುದರಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಕೇಳಿದಳು. ಇವರು ಗಾಬರಿಯಾಗಿ ನನ್ನ ಮುಖ ನೋಡಿದರು, ಅದಕ್ಕೆ ನಾನು ಜವಾಬ್ದಾರಳೆಂಬಂತೆ. ಸ್ಕ್ಯಾನ್ ಮಾಡಿಸಿ ತನ್ನಿ, ಅದನ್ನು ನೋಡದೆ ಬೆನ್ನು ಮುಟ್ಟುವುದಿಲ್ಲ ಎಂದಳು. ಇವರಿಗೆ ನಿರಾಸೆಯೋ ನಿರಾಸೆ. ಮನೆಗೆ ಬರುವ ದಾರಿಯುದ್ದಕ್ಕೂ "ಒಂದ ಸಲಾನೂ ಟಕ್ ಅನಸಲಿಲ್ಲ" ಎಂದು ಗೊಣಗಿದರು.

ಸ್ಕ್ಯಾನಿನಲ್ಲಿ ಒಂದು ಡಿಸ್ಕ್ ಎಡಕ್ಕೆ ಸ್ವಲ್ಪ ಉಬ್ಬಿದೆ ಎಂದು ಬಂತು. ಹೆದರುವಂಥದ್ದಲ್ಲ ಎಂದಳು ಅಪೂರ್ವ. "ಇಂಥ ನೋವು ಬಹಳ ಜನಕ್ಕೆ ಕೆಲವು ವಾರದಲ್ಲಿ ತಾನೇ ಕಡಿಮೆ ಆಗತ್ತೆ. ನಾನು ಮಾಡೋದು ಅದಕ್ಕೆ ಸಹಾಯ ಅಷ್ಟೆ. ನಡೀಬೇಕು, ವ್ಯಾಯಾಮ ಮಾಡ್ಬೇಕು, ನೆಟ್ಟಗೆ ಕುರ್ಚಿ ಮೇಲೆ ಕೂರ್ಬೇಕು." ಇವರು ಸಂದೇಹದಿಂದ ಕೇಳಿದರು: "ನಮ್ಮಲ್ಲಿ ಕಾಲು ಮುಂದಾಗಿ ಹುಟ್ಟಿದವ್ರು ಒದ್ದು ವಾಸಿ ಮಾಡತಾರ್ರಿ. ನೀವು ಮಾಡೂದೂ ಅದ ಅಲ್ಲೇನು? ಅವರು ಕಾಲಿಂದ, ನೀವು ಕೈಯಿಂದ."

ಹುಡುಗಿಯ ಮುಖ ಕೆಂಪಾಯಿತು. "ನಾನು ಐದು ವರ್ಷ ಓದಿದೀನಿ ಅಂಕಲ್," ಎಂದಳು. ಅಷ್ಟು ಓದಿದವಳಿಗೂ ಒದೆಗೂ ಹೋಲಿಕೆ ತಂದ ಗಂಡನನ್ನು ಕಟ್ಟಿಕೊಂಡು ನಾನು ಮೂಲೆಯಲ್ಲಿ ಕೂತಿದ್ದೆ.

ಆಮೇಲಿನ ಭೇಟಿಗಳಲ್ಲಿ ಟಕ್ ಎಂದಿತು. ಇವರು ತೃಪ್ತರಾದರು. ನೋವು ತೊಡೆಯಿಂದ ಮೇಲೆ ಸರಿಯಿತು, ಜೋಮು ತಗ್ಗಿತು, ನಿಂತು ಹಲ್ಲುಜ್ಜುವಂತಾದರು. ಜೂನ್ ಬಂತು. ಇವರು ಮತ್ತೆ ಅಂಗಡಿಗೆ ಹೋಗತೊಡಗಿದರು. ಹೋಗತೊಡಗಿದ ವಾರದಲ್ಲೇ ನೋವು ಮೊದಲಿಗಿಂತ ಜೋರಾಗಿ ತಿರುಗಿ ಬಂತು.

"ಅಂಗಡೀಲಿ ಹೇಗೆ ಕೂರ್ತೀರಿ?" ಎಂದು ಅಪೂರ್ವ ಕೇಳಿದಳು.

"ಎಲ್ಲಾರೂ ಕುಂಡ್ರೋ ಹಂಗ," ಎಂದರು ಇವರು.

ಅವಳು ನೆಲಕ್ಕೆ ಚಾಪೆ ಹಾಸಿ, ಇದೇ ನಿಮ್ಮ ಗಾದಿ ಎಂದುಕೊಳ್ಳಿ, ಗಿರಾಕಿ ಬಂದಿದ್ದಾನೆ, ಕೂತು ತೋರಿಸಿ ಎಂದಳು. ಇವರು ಹಲ್ಲು ಕಚ್ಚಿ ಚಕ್ಕಳಮಕ್ಕಳ ಹಾಕಿ ಕೂತರು. ಕೂತ ಕೂಡಲೇ ಮೈಯೆಲ್ಲ ತಾನಾಗಿ ಎಡಕ್ಕೆ ವಾಲಿತು. ಬಲಕುಂಡೆ ಚಾಪೆಯಿಂದ ಎದ್ದಿತು. ಕತ್ತು ಎಡಕ್ಕೆ ಬಾಗಿತು, ಎಡಗಿವಿ ಮುಂದೆ ಬಂತು, ಕಣ್ಣು ಅರ್ಧ ಮುಚ್ಚಿತು. ಹಾಗೆಯೇ ಕೂತರು, ಕದಲದೆ.

ಅಪೂರ್ವ ಸ್ವಲ್ಪ ಹೊತ್ತು ನೋಡಿದಳು. "ಎಡಗಡೆ ಏನಿದೆ ಅಂಕಲ್?"

ಇವರು ಚಾಪೆಯ ಅಂಚು ಕೀಳತೊಡಗಿದರು. ನನಗೆ ಒಮ್ಮೆಲೇ ಎಲ್ಲ ಹೊಳೆಯಿತು. ಮೇ ತಿಂಗಳ ನಾಗಪುರದಲ್ಲಿ ಮನುಷ್ಯರು ಕೂಲರ್ ಬಿಟ್ಟು ಕೂರುವುದಿಲ್ಲ. ಇವರು ಅಂಗಡಿಯ ಕೂಲರ್ ಬಂದ್ ಇಟ್ಟುಕೊಂಡು ಬೆವರುತ್ತ ಕೂರುತ್ತಿದ್ದರು. ನಾನು ಅದನ್ನು ಜಿಪುಣತನ ಎಂದುಕೊಂಡು ಎಷ್ಟೋ ಸಲ ಬೈದಿದ್ದೆ. ಕೂಲರಿನ ಸದ್ದಿದ್ದರೆ ಗೋಡೆಯ ಆಚೆಯದು ಕೇಳುವುದಿಲ್ಲ!

"ತಮ್ಮನ ಅಂಗಡಿ ಐತಿ," ಎಂದೆ ನಾನೇ. "ಪ್ಲೈವುಡ್ಡಿಗೆ ಕಿವಿ ಹಚ್ಚಿ ಕುಂಡ್ರತಾರವಾ. ಇಷ್ಟು ವರ್ಷ ಒಂದ ಕುಂಡಿ ಮ್ಯಾಲ ಕುಂತು ವ್ಯಾಪಾರ ಮಾಡ್ಯಾರ."

"ಧಂದೇಕ ಬೇಕಾಗತೈತಿ," ಎಂದರು ಇವರು ನೆಲ ನೋಡುತ್ತ. "ಅವ ಏನ್ ರೇಟ್ ಹೇಳತಾನ ಅನ್ನೂದು ತಿಳೀಬೇಕಲ್ಲ. ನೋವು ಬಂದ ದಿನ ಉಮರೇಡಿನ ಗಿರಾಕಿ ಅವನ ಕಡೆ ಬಂದಿದ್ದ. ಕಲ್ಲಿದ್ದಲ ಖದಾನಿನ ಕಾಲನಿಗೆಲ್ಲ ಚಾದರ ಒಯ್ಯಾವ. ಸಣ್ಣ ದನಿಲೆ ಮಾತಾಡತಿದ್ರು, ಜರಾ ಜಾಸ್ತಿ ವಾಲಿದೆ."

ಅಪೂರ್ವ ನಗಲಿಲ್ಲ. ನಗದೆ ಇದ್ದುದಕ್ಕೆ ಅವಳ ಮೇಲೆ ನನಗೆ ಗೌರವ ಹುಟ್ಟಿತು. ಇವರ ಎಡ ಹೆಬ್ಬೆರಳನ್ನು ಮತ್ತೆ ಮೇಲೆತ್ತಿಸಿ ನೋಡಿದಳು. ಹೋದ ಸಲಕ್ಕಿಂತ ಬಲ ಕಡಿಮೆಯಾಗಿತ್ತು. "ಇದು ತಮಾಷೆ ಅಲ್ಲ. ನರ ಸೋಲ್ತಾ ಇದೆ. ನೀವು ಆ ಗೋಡೆ ಬಿಟ್ಟು ಕೂತ್ರೆ ನಾನು ಇನ್ನೊಂದು ತಿಂಗಳು ನೋಡ್ತೀನಿ. ಬಿಡ್ಲಿಲ್ಲ ಅಂದ್ರೆ ನಾನು ಮುಟ್ಟೋದಿಲ್ಲ, ಸರ್ಜನ್ ಹತ್ರ ಕಳಿಸ್ತೀನಿ. ಪಾದ ಎಳ್ಕೊಂಡು ನಡೆಯೋ ಹಾಗಾದ್ರೆ ಆಮೇಲೆ ಯಾರೂ ಏನೂ ಮಾಡಕ್ಕಾಗಲ್ಲ."

ಆಟೋದಲ್ಲಿ ನಾನು ಕೇಳಿದೆ. "ಕಾಲು ಬೇಕೋ ಗ್ವಾಡಿ ಬೇಕೋ?"

"ನಾ ಮೊದಲ ಸರದ್ರ ಅವ ಗೆದ್ದಂಗ," ಎಂದರು ಇವರು.

ನನಗೆ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಕಾಲೆಳೆಯುತ್ತ ಗಾಂಧಿಬಾಗಿನ ಮೆಟ್ಟಿಲು ಹತ್ತುವ ಗಂಡ ಕಣ್ಣೆದುರು ಬಂದ. ಮನೆಗೆ ಬಂದವಳೇ ಶಿವಕ್ಕನಿಗೆ ಫೋನ್ ಮಾಡಿ ಎಲ್ಲ ಒದರಿದೆ. ವಾಲುವುದು, ಕಿವಿ, ಕೂಲರ್, ಹೆಬ್ಬೆರಳು.

"ಅಕ್ಕಾ," ಎಂದಳು ಶಿವಕ್ಕ. "ನಮ್ಮವರೂ ಕೂಲರ್ ಹಚ್ಚಂಗಿಲ್ಲ."

"ಹೌದೇನು?"

"ಯುಗಾದಿಯಿಂದ ಬಲಗಾಲು ಎಳೀತಾರ. ಸ್ಕೂಟರ್ ತಾಗಿತು ಅಂತ ಹೇಳ್ಯಾರ. ಅಣ್ಣಗ ತಿಳಿಬಾರದು, ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾರ."

ಇಬ್ಬರೂ ಫೋನ್ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ಶಿವಕ್ಕ ಅಳತೊಡಗಿದಳು, ಅವಳು ಅತ್ತದ್ದಕ್ಕೆ ನಾನೂ ಅತ್ತೆ. ಒಂದೇ ಗೋಡೆಗೆ ಎರಡು ಕಡೆಯಿಂದ ಕಿವಿ ಹಚ್ಚಿ, ಒಬ್ಬ ಎಡಗಾಲು, ಒಬ್ಬ ಬಲಗಾಲು ಕಳೆದುಕೊಳ್ಳಲು ಹೊರಟ ಈ ಜಾಣರನ್ನು ಹಡೆದ ಅತ್ತೆಯನ್ನು ಮನಸಾರೆ ಬೈದುಕೊಂಡೆವು. ಇಬ್ಬರೂ ಕಿವಿ ಹಚ್ಚಿ ಕೂತರೆ ಮಾತಾಡುವವರು ಯಾರು ಎಂದು ಈ ಗಂಡಸರಿಗೆ ಒಂದು ದಿನವೂ ಅನ್ನಿಸಲಿಲ್ಲವೇ?

ಶಿವಕ್ಕ ಕಲ್ಲೇಶನನ್ನೂ ಅಪೂರ್ವಳ ಕಡೆ ಕಳಿಸಲು ಶುರು ಮಾಡಿದಳು. ನಮ್ಮವಳು, ಕನ್ನಡದ ಹುಡುಗಿ ಎಂದ ಮೇಲೆ ಅವನೂ ಒಪ್ಪಿದ. ಆ ಹುಡುಗಿ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುವವಳಲ್ಲ, ಬಾಯಿ ಭದ್ರ. ಆದ್ದರಿಂದ ಕೆಲಸ ನಾವೇ ಮಾಡಿದೆವು. ಒಂದು ಬುಧವಾರ ನಾವಿಬ್ಬರೂ ಒಂದೇ ಹೊತ್ತಿಗೆ ನಂಬರ್ ತೆಗೆದುಕೊಂಡೆವು.

ಮಳೆ ಜಿನುಗುತ್ತಿತ್ತು. ನಾವು ಮೊದಲೇ ಹೋಗಿ ಹೊರಗಿನ ಬೆಂಚಿನಲ್ಲಿ ಕೂತೆವು. ಎಡಗಾಲಿನ ನೋವಿಗೆ ಇವರು ಬಲಕ್ಕೆ ವಾಲಿ ಕೂತಿದ್ದರು. ಗೇಟಿನಿಂದ ಕಲ್ಲೇಶ ಬಲಗಾಲು ಎಳೆಯುತ್ತ, ಶಿವಕ್ಕನ ಹೆಗಲು ಹಿಡಿದು ಬಂದ. ಅಣ್ಣನನ್ನು ನೋಡಿದ. ಅಣ್ಣ ತಮ್ಮನ ಕಾಲು ನೋಡಿದ. ಕಲ್ಲೇಶ ತಿರುಗಿ ಹೋಗಲು ನೋಡಿದ, ಆದರೆ ತಿರುಗುವುದೇ ಅವನಿಗೆ ಕಷ್ಟ. ಇದ್ದದ್ದು ಒಂದೇ ಬೆಂಚು. ಇವರ ಬಲಗಡೆ ಜಾಗ ಖಾಲಿ ಇತ್ತು. ಕೂತ. ಬಲಗಾಲಿನ ನೋವಿಗೆ ಅವನು ವಾಲಬೇಕಾದ್ದು ಎಡಕ್ಕೆ.

ಇಬ್ಬರ ಹೆಗಲು ತಾಗಿದವು. ಸರಿಯಲು ಇಬ್ಬರಿಗೂ ಆಗದು. ಹೆಗಲಿಗೆ ಹೆಗಲು ಕೊಟ್ಟು, ಒಬ್ಬರು ಕಿಟಕಿಯ ಬಿದಿರಿನ ಕುಂಡ, ಒಬ್ಬರು ಗೇಟಿನ ಆಚೆಯ ಮಳೆ ನೋಡುತ್ತ ಕೂತರು. ನಾನು ಎದ್ದು ಹೋಗಿ ಶಿವಕ್ಕನ ಪಕ್ಕ ನಿಂತೆ. ನೀರು ಹರಿಯುವ ಸಂಗೀತ ಹರಿಯುತ್ತಲೇ ಇತ್ತು.

ಕೊನೆಗೆ ಇವರು, ಕುಂಡವನ್ನೇ ನೋಡುತ್ತ, ಗಂಟಲು ಸರಿಮಾಡಿಕೊಂಡರು. ಇವರು ಎಂದೂ ಯಾರ ಮುಂದೂ ಬಗ್ಗಿದವರಲ್ಲ, ಬಗ್ಗುವುದು ಇವರಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು.

"ಕಲ್ಲೇಶಾ," ಎಂದರು. "ಒಂದ ಸಲ ಒದ್ದಬಿಡಪಾ."

ಕಲ್ಲೇಶ ತನ್ನ ಬಲಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಲು ನೋಡಿದ. ಕಾಲು ಒಂದು ಗೇಣು ಎದ್ದು, ಕೈತಪ್ಪಿ ಕೆಳಗೆ ಬಿತ್ತು.

"ಒದಿಯೋ ಕಾಲು ಇದ ನೋಡಣ್ಣಾ," ಎಂದ. "ಎತ್ತಾಕ ಬರವಲ್ದು."

ಆಗ ಬಾಗಿಲು ತೆರೆದು ಹೊರಬಂದ ಅಪೂರ್ವ ಬೆಂಚಿನ ಮೇಲೆ ಒಬ್ಬರಿಗೊಬ್ಬರು ಒರಗಿ ಅಳುತ್ತಿರುವ ಇಬ್ಬರು ಹೋಲ್‌ಸೇಲ್ ವ್ಯಾಪಾರಿಗಳನ್ನು ಕಂಡು ಗಾಬರಿಯಾದಳು. "ಅಷ್ಟೊಂದು ನೋವಿದೆಯಾ?" ಎಂದು ಕೇಳಿದಳು ಪಾಪ.

ಇಷ್ಟಕ್ಕೇ ಗೋಡೆ ಬಿತ್ತು ಎಂದುಕೊಂಡವರಿಗೆ ನಮ್ಮ ಮನೆತನ ಗೊತ್ತಿಲ್ಲ. ಕಣ್ಣೊರೆಸಿಕೊಂಡ ಕೂಡಲೇ ಇಬ್ಬರೂ ಮತ್ತೆ ವ್ಯಾಪಾರಿಗಳಾದರು. ಯಾರು ಮೊದಲು ಸರಿಯಬೇಕು ಎಂಬ ಮಾತು ಬಂತು. ಇವರು ನೀನು ಎಂದರು, ಅವನು ನೀನು ಎಂದ. ಕೊನೆಗೆ ಅಪೂರ್ವಳ ಮುಂದೆಯೇ ಒಪ್ಪಂದವಾಯಿತು: ಶ್ರಾವಣದ ಮೊದಲ ಸೋಮವಾರ, ಅಂಗಡಿ ಪೂಜೆಯ ನಂತರ, ಇಬ್ಬರೂ ಒಂದೇ ಸಲಕ್ಕೆ ಗಾದಿ ಬಿಟ್ಟು ಗೋಡೆಯಿಂದ ದೂರ ಕುರ್ಚಿ ಹಾಕಿ ಕೂರುವುದು. ಅದೂ ನಂಬಿಕೆಯ ಮೇಲೆ ಅಲ್ಲ. ನಾನು ಈ ಕಡೆ, ಶಿವಕ್ಕ ಆ ಕಡೆ ಫೋನ್ ಹಿಡಿದು ನಿಂತು ಸಾಕ್ಷಿ ಹೇಳಬೇಕು.

ಸೋಮವಾರ ಹಾಗೆಯೇ ಆಯಿತು. "ನಿಮ್ಮವರು ಎದ್ದರೇನ್?" ಎಂದು ನಾನು ಕೇಳುವುದು, "ಎದ್ದಾರ, ನಿಮ್ಮವರು?" ಎಂದು ಅವಳು ಕೇಳುವುದು. ಎರಡೂ ಕಡೆ ಒಮ್ಮೆಲೇ ಕುರ್ಚಿ ಎಳೆದ ಸದ್ದಾಯಿತು. ಇವರು ಅಂಗಡಿಯ ಬಲಮೂಲೆಯಲ್ಲಿ ನೆಟ್ಟಗೆ ಕೂತರು, ಎರಡೂ ಕುಂಡೆಯ ಮೇಲೆ. ಆಮೇಲೆ ಕೂಲರ್ ಹಾಕಿದರು. ಆಷಾಢ ಕಳೆದಿತ್ತು, ಕೂಲರ್ ಬೇಕಿರಲಿಲ್ಲ, ಆದರೂ ಹಾಕಿದರು.

ದಿನಗಳು ಹೋದವು. ಅಪೂರ್ವ ಒತ್ತುತ್ತಿದ್ದಳು, ಇವರು ಬೆಳಿಗ್ಗೆ ಸಂಜೆ ನಡೆಯುತ್ತಿದ್ದರು, ಚಾಪೆಯ ಮೇಲೆ ಹಾವಿನಂತೆ ಎದೆ ಎತ್ತುವ ವ್ಯಾಯಾಮ ಮಾಡುತ್ತಿದ್ದರು. ಹೆಬ್ಬೆರಳಿಗೆ ಬಲ ತಿರುಗಿ ಬಂತು. ಉರಿ ಹೋಯಿತು, ಕರೆಂಟು ಹೋಯಿತು. ಅಪೂರ್ವ ತನ್ನ ಕ್ಲಿನಿಕ್ಕಿನ ವಿಡಿಯೋಕ್ಕೆ ಇವರಿಂದ ಎರಡು ಮಾತು ಆಡಿಸಿದಳು. ಅದರಲ್ಲಿ ಇವರು ದಪ್ಪ ನರದ ಬಗ್ಗೆಯೇ ಬಹಳ ಮಾತಾಡಿದ್ದಾರೆ.

ಕಾಲು ವಾಸಿಯಾಯಿತು, ಆದರೆ ಮನುಷ್ಯ ಸಪ್ಪಗಾದರು. ರೊಟ್ಟಿ ಅರ್ಧಕ್ಕೇ ಬಿಡುವುದು, ಕೇಳಿದ್ದಕ್ಕೆ ಹೂಂ ಎನ್ನದಿರುವುದು. ಒಂದು ಸಂಜೆ ನನಗೆ ತಡೆಯಲಾಗಲಿಲ್ಲ.

"ಕಾಲು ನೋಯತೈತೇನು?"

"ಕಾಲು ಬರೋಬರ್ ಐತಿ. ಕೇಳಸವಲ್ದು."

"ಯಾವ ರೇಟ್ ಕೇಳಬೇಕಾಗೇತ್ರಿ ಇನ್ನೂ? ಹೋಗ್ಲಿ ಬಿಡ್ರಿ ಆ ಉಮರೇಡಿನವ!"

ಇವರು ರೊಟ್ಟಿಯ ಚೂರನ್ನು ತಟ್ಟೆಯ ಅಂಚಿಗೆ ಸರಿಸಿದರು. "ರೇಟ್ ಅಲ್ಲ. ಸಣ್ಣಾಂವ ಇದ್ದಾಗಿಂದ ಅವಗ ಎದಿ ನಾಜೂಕು. ಮಳಿ ಬಂದ್ರ ಕೆಮ್ಮತಾನ. ಕೆಮ್ಮಿದ್ದು ಕೇಳಿಸಿದ್ರ ಅಂಗಡಿಗೆ ಬಂದಾನ, ಇದ್ದಾನ ಅಂತ ತಿಳೀತಿತ್ತು. ಈಗ ಏನೂ ಕೇಳಸವಲ್ದು."

ಇಷ್ಟು ವರ್ಷ ಸಂಸಾರ ಮಾಡಿಯೂ ಈ ಮನುಷ್ಯನನ್ನು ನಾನು ಬರೀ ಅಂಗಡಿಕಾರ ಎಂದುಕೊಂಡಿದ್ದೆನಲ್ಲ ಎಂದು ನನ್ನ ಮೇಲೇ ನನಗೆ ಬೇಸರವಾಯಿತು. ಎದ್ದು ಒಳಗೆ ಹೋಗಿ ಶಿವಕ್ಕನಿಗೆ ಫೋನ್ ಮಾಡಿದೆ. ಅವಳು ಅಂದೇ ಅದನ್ನು ಕಲ್ಲೇಶನಿಗೆ ಹೇಳಿದ್ದಾಳೆ, ಹೇಳದೆ ಇರುವವಳಲ್ಲ.

ಮರುದಿನ ಮಧ್ಯಾಹ್ನ ಇವರ ಡಬ್ಬಿ ತೆಗೆದುಕೊಂಡು ನಾನೇ ಅಂಗಡಿಗೆ ಹೋದೆ. ಓಣಿಯ ತಿರುವಿನಲ್ಲಿರುವಾಗಲೇ ಕೇಳಿಸಿತು. ಯಾರೋ ಜೋರಾಗಿ ಕೆಮ್ಮುತ್ತಿದ್ದರು. ಒಂದು ಕೆಮ್ಮು, ಸ್ವಲ್ಪ ಬಿಡುವು, ಮತ್ತೆ ಒಂದು ಕೆಮ್ಮು. ಎದುರಂಗಡಿಯ ಸೇಠ್ ಕಷಾಯ ಹೇಳಲು ರಸ್ತೆ ದಾಟುತ್ತಿದ್ದ. ಅಷ್ಟರಲ್ಲಿ ಶಿವಕ್ಕನ ಫೋನು ಬಂತು.

"ಅಕ್ಕಾ, ಇವರು ಮುಂಜಾನಿಂದ ಕುರ್ಚಿ ಮ್ಯಾಲ ನೆಟ್ಟಗ ಕುಂತು ಸುಮ್ಮನ ಕೆಮ್ಮಾಕತ್ಯಾರ. ಕಫಾ ಇಲ್ಲ, ನೆಗಡಿ ಇಲ್ಲ. ಗಿರಾಕಿಗಳು ಹೆದರಿ ಹೊಂಟಾರ."

ನಾನು ಅಂಗಡಿಯ ಮೆಟ್ಟಿಲು ಹತ್ತಿದೆ. ಕೂಲರ್ ಬಂದ್ ಆಗಿತ್ತು. ಇವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಅಪೂರ್ವ ಕಲಿಸಿದ ಹಾಗೆ, ಪಾದ ಎರಡೂ ನೆಲಕ್ಕೆ. ಗೋಡೆಯ ಆಚೆ ಇನ್ನೊಂದು ಕೆಮ್ಮು, ಮೊದಲಿನದಕ್ಕಿಂತ ದೊಡ್ಡದು. ಇವರು ಅರ್ಧ ಮುಚ್ಚಿದ್ದ ಕಣ್ಣು ತೆರೆದು, ನನ್ನನ್ನು ನೋಡಿ, ಮುಖ ಗಂಟು ಹಾಕಿಕೊಂಡು, ಇಡೀ ಓಣಿಗೆ ಕೇಳುವಂತೆ ಒದರಿದರು:

"ಆ ಮಂಗ್ಯಾಗ ಶುಂಠಿ ಕಷಾಯ ಮಾಡಿ ಕೊಡು ಅಂತ ಶಿವಕ್ಕಗ ಹೇಳು!"

ಆಚೆ ಕಡೆ ಕೆಮ್ಮು ನಿಂತಿತು. ಆಮೇಲೆ ಕುರ್ಚಿ ಎಳೆದ ಸದ್ದಾಯಿತು. ಮತ್ತೆ ಗೋಡೆಯ ಕಡೆಗೆ ಸರಿಯುತ್ತಿದ್ದಾನೆಂದು ನನಗೆ ಗಾಬರಿ. ಹಾಗೆ ಸರಿಯಲಿಲ್ಲ. ಕಲ್ಲೇಶ ಬಲಗಾಲನ್ನು ಜೋಪಾನವಾಗಿ ಊರುತ್ತ, ರಸ್ತೆಗಿಳಿದು, ಸುತ್ತಿ ನಮ್ಮ ಮೆಟ್ಟಿಲ ಹತ್ತಿರ ಬಂದು ನಿಂತ.

"ಅದಕ ಬೆಲ್ಲ ಹಾಕಬೇಕಾಗತೈತಿ," ಎಂದ ಅಣ್ಣನ ಮುಖ ನೋಡದೆ. "ನನ್ನ ಪಾಲಿನ ಬೆಲ್ಲ ನಿನ್ನ ಕಡೆನ ಉಳದೈತಿ."